ಶಾಲೆ ಶುರುವಾಗುವ ಮೊದಲೇ ಶಾಲೆಯ ಹಣ

ಮಗು ಹೊಸ ತರಗತಿಗೆ ಹೊಂದಿಕೊಳ್ಳಬೇಕಾದದ್ದು ಶಾಲೆಯಲ್ಲಿ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಅರ್ಧ ಕೆಲಸ ಮನೆಯಲ್ಲೇ ಆಗಬೇಕು ಎಂಬುದು ನನ್ನ ನಂಬಿಕೆ. ಮೇ ಕೊನೆಯ ವಾರ ಶುಲ್ಕಕ್ಕಾಗಿ ಒಡವೆ ಒತ್ತೆ ಹೋಗುತ್ತದೆ. ಊಟದ ಹೊತ್ತಿಗೆ "ಇಷ್ಟೊಂದು ಕಟ್ಟಿದ್ದೀವಿ, ಸರಿಯಾಗಿ ಓದು" ಎಂಬ ಮಾತು ಬರುತ್ತದೆ. ಅಂಥ ಮನೆಯ ಮಗು ಹೊಸ ಪುಸ್ತಕಗಳ ಜೊತೆಗೆ ಆ ಸಾಲದ ಭಾರವನ್ನೂ ಹೊತ್ತು ಶಾಲೆಗೆ ಹೋಗುತ್ತದೆ. ಟೀಚರ್ ಹೇಳಿದ ಗ್ರಾಫ್ ಪುಸ್ತಕ ಬೇಕು ಎಂದು ಕೇಳಲೂ ಅದಕ್ಕೆ ಬಾಯಿ ಬರುವುದಿಲ್ಲ.

ನಾನು ಬೆಳೆದದ್ದು ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಅಲ್ಲಿ ಜೂನ್ ಅಂದರೆ ಕೈ ಬರಿದಾಗುವ ತಿಂಗಳು. ಮಳೆ ಹಿಡಿಯುತ್ತಿದ್ದಂತೆ ಗದ್ದೆಗೆ ಬೀಜ ಗೊಬ್ಬರ ಬೇಕು. ತೋಟಕ್ಕೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ. ಶಾಲೆ ತೆರೆಯುವುದೂ ಅದೇ ಹೊತ್ತಿಗೆ. ಆದರೂ ನಮ್ಮ ಮನೆಯಲ್ಲಿ ಪಠ್ಯಪುಸ್ತಕಕ್ಕೆ, ಕೊಡೆಗೆ ದುಡ್ಡಿಲ್ಲ ಎಂಬ ಮಾತು ನಾನು ಕೇಳಲಿಲ್ಲ. ಅಪ್ಪ ಮಂಡಿಯಲ್ಲಿ ಅಡಿಕೆ ಮಾರಿದ ದಿನವೇ ನಮ್ಮ ಶಾಲೆಯ ಹಣವನ್ನು ಬೇರೆ ತೆಗೆದು ಸೊಸೈಟಿಯಲ್ಲಿ ಇಟ್ಟುಬಿಡುತ್ತಿದ್ದರು. ಆಮೇಲೆ ಎಂಥ ಖರ್ಚು ಬಂದರೂ ಅದನ್ನು ಮುಟ್ಟುತ್ತಿರಲಿಲ್ಲ. ಅಪ್ಪನ ವರಮಾನ ದೊಡ್ಡದಲ್ಲ. ನಾವು ನಿಶ್ಚಿಂತೆಯಿಂದ ಹೊಸ ತರಗತಿಯಲ್ಲಿ ಕೂರುತ್ತಿದ್ದೆವು ಎಂದರೆ ಕಾರಣ ಹಣ ಹೆಚ್ಚಿದ್ದದ್ದಲ್ಲ, ಮೊದಲೇ ಎತ್ತಿಟ್ಟದ್ದು.

ಸಂಬಳದ ಮನೆಯವರು ಇದನ್ನು ಮಾಡುವುದು ಇನ್ನೂ ಸುಲಭ. ಶುಲ್ಕ, ಪುಸ್ತಕ, ಸಮವಸ್ತ್ರ, ಶೂ, ಬ್ಯಾಗು, ಊಟದ ಡಬ್ಬಿ ಎಲ್ಲ ಸೇರಿ ವರ್ಷದ ಆರಂಭದಲ್ಲಿ ಒಮ್ಮೆಲೇ ಬೇಕಾಗುವುದು ರೂ. 54,000 ಎಂದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ತಿಂಗಳಿಗೆ ರೂ. 6,000ದಂತೆ 9 ತಿಂಗಳ ಆರ್‌ಡಿ ತೆರೆದರೆ ಮೇ ತಿಂಗಳಿಗೆ ಅಸಲು, ಅದರ ಮೇಲೆ ಒಂದಿಷ್ಟು ಬಡ್ಡಿ ಕೈಗೆ ಬರುತ್ತದೆ. ಜೂನ್‌ನಲ್ಲಿ ಶುರುಮಾಡಿ 12 ತಿಂಗಳಿಗೆ ಹಾಕಿದರೆ ಹಣ ಬರುವುದು ಮುಂದಿನ ಜೂನ್‌ಗೆ. ಅಷ್ಟರಲ್ಲಿ ಶುಲ್ಕದ ಗಡುವು ಮುಗಿದಿರುತ್ತದೆ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, ಈ ಕೆಲಸಕ್ಕೆ ಒಗ್ಗುವುದಿಲ್ಲ. ಲಾಭ ಹೆಚ್ಚು ಎಂದು ಷೇರು ಫಂಡಿನ ಎಸ್‌ಐಪಿಗೆ ಹಾಕುವುದಂತೂ ಬೇಡವೇ ಬೇಡ. ಮುಂದಿನ ಮೇಗೆ ಬೇಕಾದ ಹಣ ಪೇಟೆಯ ಏರಿಳಿತಕ್ಕೆ ಸಿಗಬಾರದು. ಕೆಲವು ಶಾಲೆಗಳು ಶುಲ್ಕವನ್ನು ಇಎಂಐನಲ್ಲಿ ಕಟ್ಟಿಸಿಕೊಳ್ಳುತ್ತವೆ. ಬಡ್ಡಿಯಿಲ್ಲ ಎಂದರೂ ಸಂಸ್ಕರಣಾ ಶುಲ್ಕ ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಅದು ಸಾಲವೇ. ಒಂದು ಕಂತು ತಪ್ಪಿದರೂ ನಿಮ್ಮ ಕ್ರೆಡಿಟ್ ಸ್ಕೋರಿಗೆ ಪೆಟ್ಟು.

ಶುಲ್ಕದ ರಸೀದಿಯನ್ನು ಜೋಪಾನವಾಗಿಡಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇದೆ. ಎಲ್ಲ ಉಳಿತಾಯ ಸೇರಿದ ಒಟ್ಟು ಮಿತಿ 1.5 ಲಕ್ಷ. ಡೊನೇಷನ್, ಅಭಿವೃದ್ಧಿ ಶುಲ್ಕ, ಬಸ್ಸಿನ ಹಣ ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಬೇರೆಯಾಗಿ ಬರೆಸಿಕೊಳ್ಳಿ. ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಬಣ್ಣದ ಕ್ರೇಯಾನ್‌ಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ. ಅಂಗಡಿಯ ಬಿಲ್ಲನ್ನು ಒಮ್ಮೆ ನೋಡಿ.

ಇನ್ನೊಂದು ಮಾತು ಹೇಳಲೇಬೇಕು. ಎಲ್ಲವನ್ನೂ ಮೇ ತಿಂಗಳಲ್ಲೇ ಕೊಳ್ಳಬೇಡಿ. ವರ್ಗಾವಣೆಯಾಗಿ ನಾವು ಮೈಸೂರಿಗೆ ಬಂದ ವರ್ಷ ಮಗಳು ಆರನೇ ತರಗತಿಗೆ ಹೊಸ ಶಾಲೆ ಸೇರಿದಳು. ಕಡ್ಡಾಯವಾದದ್ದನ್ನಷ್ಟೇ ಕೊಂಡು, ಉಳಿದ ಸಾಮಾನಿಗೆಂದು ರೂ. 500 ಅವಳ ಹೆಸರಿನಲ್ಲಿ ತೆಗೆದಿಟ್ಟೆ. "ಶಾಲೆ ಒಂದಿಷ್ಟು ದಿನ ನೋಡು, ಏನು ಬೇಕು ಅಂತ ನೀನೇ ಹೇಳು" ಅಂದೆ. ಅವಳು ಹಳೆಯ ಬ್ಯಾಗನ್ನೇ ಇಟ್ಟುಕೊಂಡಳು, ಕಂಪಾಸ್ ಪೆಟ್ಟಿಗೆಯೂ ಹಳೆಯದೇ ಸಾಕು ಎಂದಳು. ಪಕ್ಕದಲ್ಲಿ ಕೂರುವ ಹುಡುಗಿ ಚಿತ್ರ ಬರೆಯುತ್ತಾಳೆ, ನನಗೂ ವಾಟರ್ ಕಲರ್, ಡ್ರಾಯಿಂಗ್ ಪುಸ್ತಕ ಬೇಕು ಎಂದಳು. ಆ ಊರಲ್ಲಿ ಅವಳಿಗೆ ಮೊದಲ ಗೆಳತಿಯಾದವಳು ಆ ಹುಡುಗಿಯೇ. ಹೊಸ ಬ್ಯಾಗು ಕೊಡಿಸಿದ್ದರೆ ಬೀದಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ. ಮಗುವಿಗೆ ನಿಜವಾಗಿ ಏನು ಬೇಕು ಎಂಬುದು ಶಾಲೆಗೆ ಹೋಗಿ ಕೂತ ಮೇಲೆಯೇ ಗೊತ್ತಾಗುತ್ತದೆ.

ಟ್ಯೂಷನ್‌ಗೂ ಇದೇ ಮಾತು. ಪಕ್ಕದ ಮನೆಯ ಮಗು ಸೇರಿತು ಎಂದು ಮೊದಲ ವಾರವೇ ವರ್ಷದ ಹಣ ಕಟ್ಟಬೇಡಿ. ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ವರ್ಷದ ಆರಂಭಕ್ಕೆ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಯಾವ ಪಾಠ ಮಗುವಿಗೆ ಹಿಡಿದಿಲ್ಲ ಎಂಬುದು ಅದರ ಪರೀಕ್ಷೆಯಲ್ಲಿ ತಿಳಿಯುತ್ತದೆ. ಟೀಚರ್ ಬಳಿ ಹೋಗಿ ಅದನ್ನು ವಿಚಾರಿಸಿ, ಅದಕ್ಕೆ ಕಾಸು ಬೇಡ. ಬರೀ ಭಿನ್ನರಾಶಿಯಲ್ಲಿ ಹಿಂದಿದ್ದರೆ ಸಂಜೆ ಅರ್ಧ ಗಂಟೆ ಮನೆಯಲ್ಲೇ ಕೂತು ಹೇಳಿಕೊಟ್ಟರೆ ಸಾಕು. ನನ್ನ ಮಗಳಿಗೆ ಆ ವರ್ಷ ಕನ್ನಡ, ಗಣಿತ ಎರಡನ್ನೂ ಅವರಪ್ಪ ಹಾಗೇ ಹೇಳಿಕೊಟ್ಟರು. ಟ್ಯೂಷನ್‌ಗೆ ಕೊಡುವ ಹಣಕ್ಕಿಂತ ಆ ಅರ್ಧ ಗಂಟೆ ಹೊಸ ಶಾಲೆಯ ಮಗುವಿಗೆ ಹೆಚ್ಚು ಬೇಕಿತ್ತು.

ಸಾಲ ಮಾಡಿ ಶುಲ್ಕ ಕಟ್ಟಬೇಕಾದ ಮನೆಗಳೂ ಇವೆ, ಅದು ಯಾರ ತಪ್ಪೂ ಅಲ್ಲ. ಆ ಮನೆಗಳಲ್ಲೂ ಮಗುವಿನ ಮುಂದೆ ಆ ಲೆಕ್ಕ ಆಡುವುದು ಬೇಡ. ಈ ವರ್ಷದ ಶುಲ್ಕ ಹೇಗೇ ಕಟ್ಟಿರಿ, ಆಗಸ್ಟ್ ಸಂಬಳ ಬಂದ ದಿನ ಬ್ಯಾಂಕಿಗೆ ಹೋಗಿ ಮುಂದಿನ ವರ್ಷದ ಆರ್‌ಡಿ ತೆರೆಯಿರಿ. ಆರು ಸಾವಿರ ಆಗದಿದ್ದರೆ ಎರಡು ಸಾವಿರಕ್ಕಾದರೂ ತೆರೆಯಿರಿ.