ಕಾರಿನ ಮುಂದಿನ ಟೈರು ಒಂದೇ ಕಡೆ ಸವೆದರೆ

ಕೆಂಗೇರಿ ಸುತ್ತಿನ ರೈತ ಬಂಧುಗಳೇ, ಸೊಪ್ಪಿನ ಮೂಟೆಗಳನ್ನು ಕಾರಿನಲ್ಲಿಯೇ ಹಾಕಿಕೊಂಡು ಕೃಷ್ಣರಾಜ ಮಾರುಕಟ್ಟೆಗೆ ಹೋಗುವವರು ನಮ್ಮಲ್ಲಿದ್ದಾರೆ. ಟೈರಿನ ಹೊರಗಣ್ಣಿನ ಅಂದವನ್ನು ನಂಬಬೇಡಿರಿ. ನನ್ನ ಕಾರಿನ ಟೈರು ಒಳಅಂಚಿನಲ್ಲಿ ತಂತಿ ಕಾಣುವಷ್ಟು ಸವೆದಿತ್ತು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ನೋಡಿದಾಗಲೇ ತಿಳಿಯಿತು. ಮೈಸೂರು ರಸ್ತೆಯ ವೇಗದಲ್ಲಿ ಸಿಡಿದಿದ್ದರೆ ಮನೆಮಂದಿಯ ಗತಿಯೇನು?

ನೀವೂ ಹಾಗೆಯೇ ತಿರುಗಿಸಿ, ಎಂಜಿನ್ ನಿಲ್ಲಿಸಿ, ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿರಿ. (ತಂತಿ ಕಂಡರೆ ಕೈ ಹಾಕಬೇಡಿರಿ.) ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಹೆಚ್ಚು. ಒಂದು ಕಡೆಗೆ ನುಣುಪಾಗಿ, ಮರಳುವಾಗ ಗರಗಸದ ಹಲ್ಲಿನಂತೆ ತಡೆದರೆ ‘ಟೋ’ ತಪ್ಪಿದೆ. ಅಂದರೆ ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿಕೊಂಡಿದೆ. ಒಂದೇ ನೊಗದ ಎತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆದಂತೆ: ಗಾಡಿ ನೇರವಾಗಿಯೇ ಹೋಗುತ್ತದೆ, ರಬ್ಬರು ಉಜ್ಜಿಹೋಗುತ್ತದೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ‘ಕ್ಯಾಂಬರ್’, ಎಂದರೆ ಚಕ್ರದ ಮೇಲ್ತುದಿಯ ವಾಲಿಕೆಯನ್ನೂ ನೋಡಿಸಬೇಕು.

ಅಲೈನ್‌ಮೆಂಟಿಗೆ ಮೊದಲು ಮೆಕ್ಯಾನಿಕ್ಕಿನಿಂದ ಚಕ್ರ ಎತ್ತಿಸಿ ಅಲುಗಾಡಿಸಿ ನೋಡಿಸಿರಿ. ಎಡ-ಬಲ ಹಿಡಿದಾಗ ಆಡಿದರೆ ಟೈ-ರಾಡಿನ ತುದಿ, ಮೇಲೆ-ಕೆಳಗೆ ಹಿಡಿದಾಗ ಆಡಿದರೆ ಬೇರಿಂಗು ಅಥವಾ ಬಾಲ್ ಜಾಯಿಂಟಿನ ಮೇಲೆ ಸಂಶಯ. ಸಡಿಲವನ್ನು ಹಾಗೆಯೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ಹಣ ದಂಡ. ಟೈರಿನ ಬಟನ್ನು 1.6 ಮಿ.ಮೀ.ಗೆ ಇಳಿದಿದ್ದರೆ ಮಳೆಗೆ ಮೊದಲೇ ಬದಲಾಯಿಸಿರಿ.