ಹೊಸ ಮಿಕ್ಸರಿನೊಳಗಿನ ಕಟಕಟ

ತೊಗರಿ ಮಾರಿ ಕೈಗೆ ದುಡ್ಡು ಬಂದ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಗೆ ಮಿಕ್ಸರೋ ಟಿವಿಯೋ ಇನ್ವರ್ಟರೋ ಬರುವುದುಂಟು. ಹೊಸ ಪೆಟ್ಟಿಗೆ ಅಲುಗಿಸಿದಾಗ ಒಳಗೆ ಏನೋ ಕಟಕಟ ಎಂದರೆ ‘ನಡೀತದಲ್ಲ, ಇರಲಿ’ ಎಂದು ಬಿಡುವವರೇ ಹೆಚ್ಚು. ಉಳಿದವರು ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ನನ್ನ ಲೆಕ್ಕದಲ್ಲಿ ಎರಡೂ ದುಬಾರಿ. ಸದ್ದೆಲ್ಲ ದೋಷವಲ್ಲ, ನಿಜ. ಕೆಲವು ಫೋನುಗಳಲ್ಲಿ ಕೈನಡುಕ ಸರಿದೂಗಿಸಲು ಲೆನ್ಸು ಸಡಿಲವಾಗಿಯೇ ಕೂತಿರುತ್ತದೆ. ಕ್ಯಾಮೆರಾ ತೆರೆದೊಡನೆ ಸದ್ದು ನಿಲ್ಲುತ್ತದೆ. ಆದರೆ ಮಿಕ್ಸರ್, ಇನ್ವರ್ಟರ್‌ಗಳೊಳಗೆ ಲೋಹದ ಚೂರು ಉರುಳುವುದು ಬೇರೆ ಮಾತು. ಬಿಚ್ಚಿಕೊಂಡ ಸ್ಕ್ರೂ ಸರ್ಕಿಟ್ ಬೋರ್ಡಿನ ಮೇಲೆ ಅಡ್ಡ ಬಿದ್ದರೆ ಶಾರ್ಟ್ ಆಗುತ್ತದೆ. ‘ನಡೀತದಲ್ಲ’ ಎಂಬುದು ಅದಿನ್ನೂ ಅಡ್ಡ ಬಿದ್ದಿಲ್ಲ ಎನ್ನುವುದಕ್ಕಷ್ಟೇ ಸಾಕ್ಷಿ. ಇನ್ನು ಬಿಚ್ಚಿದಿರೋ, ಸೀಲು ಹರಿಯುತ್ತದೆ, ವಾರಂಟಿಯೂ ಅದರೊಂದಿಗೇ ಹೋಗುವುದೇ ಹೆಚ್ಚು. ಐದು ನಿಮಿಷದ ಕೆಲಸಕ್ಕೆ ವರ್ಷದ ಭದ್ರತೆ ತೆರುವುದು ಯಾವ ವ್ಯಾಪಾರ?

ಕೊಂಡ ಅಂಗಡಿಗೇ ಒಯ್ದು ಬದಲಿಸಿಕೊಳ್ಳುವುದು ಲೇಸು. ‘ಕಲಬುರಗಿಗೆ ಓಡಾಡಿದರೆ ಕೂಲಿ ಹೋಗುತ್ತದಲ್ಲ’ ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳಲಾಗದು. ಆಳಂದದಿಂದಲೂ ಜೇವರ್ಗಿಯಿಂದಲೂ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರು, ಅಫಜಲಪುರದಿಂದ ಇನ್ನೂ ದೂರ. 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎರಡು ಸಲ ಹೋಗಿಬಂದರೆ 740. ನಾಲ್ಕು ಸಾವಿರದ ಮಿಕ್ಸರಿಗೆ ಇದು ಐದನೇ ಒಂದು ಪಾಲಿಗೂ ಕಡಿಮೆ, ಹೋಗಬಹುದು. ಮನೆಯ ಹೆಣ್ಣುಮಕ್ಕಳು ಹೊರಟರೆ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚೂ ಇಲ್ಲ (ಕೂಲಿ ಮಾತ್ರ ಅವರದೂ ಹೋಗುತ್ತದೆ, ಮರೆಯಬಾರದು). ಒಂಬೈನೂರರ ಪವರ್ ಬ್ಯಾಂಕಿಗೆ ಈ ಓಡಾಟ ಲಾಭದ್ದಲ್ಲ. ಹಾಗೆಂದು ಕಟಕಟ ಎನ್ನುವ ಪವರ್ ಬ್ಯಾಂಕನ್ನು ಬಳಸುವಂತೆಯೂ ಇಲ್ಲ, ಒಳಗಿರುವುದು ಲಿಥಿಯಂ ಬ್ಯಾಟರಿ. ಅಗ್ಗದ ಸಾಮಾನನ್ನು ದುಡ್ಡು ಎಣಿಸುವ ಮೊದಲೇ ಅಂಗಡಿಯಲ್ಲಿ ಅಲುಗಿಸಿ ನೋಡಬೇಕೆನ್ನುವುದು ಇದಕ್ಕೇ.

‘ಅಂಗಡಿಯವನು ಒಪ್ಪದಿದ್ದರೆ?’ 2020ರ ಜುಲೈನಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇಲ್ಲಿ ಬಲ ಕೊಡುತ್ತದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅಷ್ಟೇ. ಹಳೆಯ ಕಾಯ್ದೆಯಲ್ಲಿ ಸೊಲ್ಲಾಪುರದಲ್ಲಿ ಕೊಂಡ ಮಾಲಿಗೆ ದೂರು ಕೊಡಲು ಸಾಮಾನ್ಯವಾಗಿ ಅಲ್ಲಿಗೇ ಹೋಗಬೇಕಿತ್ತು. ಈಗ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂದರೆ ಆಳಂದದವರಿಗೆ ಕಲಬುರಗಿಯ ಗ್ರಾಹಕ ಆಯೋಗವೇ ಸಾಕು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು. ಆದರೂ ನಾನು ಮೊದಲು ಹೇಳುವುದು 1915 ಗ್ರಾಹಕ ಸಹಾಯವಾಣಿಯನ್ನೇ. ಪ್ರಯೋಗಾಲಯದ ಪರೀಕ್ಷೆ ಬೇಕಾದ ಪ್ರಕರಣ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯೇ ಹೇಳುತ್ತದೆ, ಅಷ್ಟು ದಿನ ಖಾರ ಅರೆಯುವುದು ಯಾವುದರಲ್ಲಿ?

ಉಳಿದದ್ದು ಸಂಕೋಚ. ಉದ್ರಿ ಕೊಡುವ ಅಂಗಡಿಯೊಂದಿಗೆ ಜಗಳವೇಕೆ ಎನ್ನುತ್ತಾರೆ. ಉದ್ರಿಯಲ್ಲಿ ಕೊಂಡವನ ಕೈಯಲ್ಲಿ ಇನ್ನೂ ಕೊಡದ ಹಣವಿದೆ. ಪೂರ್ತಿ ಕೊಟ್ಟು ಬಂದವನಿಗಿಂತ ಅವನ ಮಾತಿಗೆ ತೂಕ ಹೆಚ್ಚು. ಮೊದಲ ವಾರದಲ್ಲೇ ಸದ್ದಿನ ವಿಡಿಯೊ, ಬಿಲ್ಲು, ಪೆಟ್ಟಿಗೆ ಹಿಡಿದು ಹೋಗಿ ಬದಲಿಸಿಕೊಡಿ ಎಂದರೆ ಜಗಳವೇನೂ ಆಗದು. ಮುಂದಿನ ತೊಗರಿ ಸುಗ್ಗಿಗೆ ಸುಟ್ಟ ಮೋಟಾರು ಹೊತ್ತು ಹೋದರೆ ಆದೀತು.