ಘಟ್ಟ ಹಾಕೂಕಿಂತ ಮೊದಲ ಮನಿ ಹಸನ

ನವಲಗುಂದ, ಅಣ್ಣಿಗೇರಿ ಕಡೆ ಹೆಸರು ಒಕ್ಕಿ ಮುಗಿಸಿ ಹಿಂಗಾರಿ ಜೋಳ, ಕಡಲೆ ಬಿತ್ತುವ ಗಡಿಬಿಡಿಯಲ್ಲೇ ಮಹಾನವಮಿ ಬರುತ್ತದೆ. 2025ರಲ್ಲಿ ಘಟಸ್ಥಾಪನೆ ಸೆಪ್ಟೆಂಬರ್ 22ಕ್ಕೆ ಇತ್ತು. 2026ರಲ್ಲಿ ಅಧಿಕಮಾಸ ಬಂದದ್ದರಿಂದ ಅಕ್ಟೋಬರ್ 11. ಹೊಲ, ಮಕ್ಕಳ ಶಾಲೆ, ದನಕರು ಎಲ್ಲ ಸಂಭಾಳಿಸುತ್ತ ಮೊದಲ ಸಲ ಘಟ್ಟ ಹಾಕುವ ಸೊಸೆಯಂದಿರಿಗೆ ಈ ದಾರಿ.

ಹಂತ 1. ಪಕ್ಷಮಾಸ ಹಿಡಿಯುವ ಮೊದಲೇ ಅತ್ತೆಯವರನ್ನು ಕೇಳಿ: ನಮ್ಮ ಮನೆಯ ಪದ್ಧತಿ ಏನು? ಕೆಲವರಲ್ಲಿ ಒಂಬತ್ತು ದಿನ ಹಾಸಿಗೆ ಒಗೆಯುವಂತಿಲ್ಲ, ಕೆಲವರು ಚಪ್ಪಲಿ ಮೆಟ್ಟುವುದಿಲ್ಲ. ಹಾಸಿಗೆ, ಅಡುಗೆಮನೆ, ದೇವರ ಜಗಲಿ ಇಷ್ಟು ಮುಗಿದರೆ ಘಟ್ಟಕ್ಕೆ ಸಾಕು. ಟ್ರಂಕಿನ ಸೀರೆ ದೀಪಾವಳಿಗೆ ತೆಗೆದರಾಯಿತು. ಪಾಸೋವರ್ ಹಬ್ಬಕ್ಕೆ ಹುದುಗು ಬಂದ ಹಿಟ್ಟಿನ ಚೂರೂ ಉಳಿಯದಂತೆ ಮನೆ ಹುಡುಕುವ ಯಹೂದಿಗಳಲ್ಲೂ ಹಿರಿಯರು ಇದನ್ನೇ ಹೇಳುತ್ತಾರೆ: ಧೂಳು ಬೇರೆ, ಹುದುಗು ಬೇರೆ, ಬೇಕಾದದ್ದಷ್ಟೇ ಹಸನ ಮಾಡಿದರಾಯಿತು.

ಹಂತ 2. ಕೌದಿ. ನಿಜವಾದ ಕೆಲಸ ಇದೇ, ಉಳಿದದ್ದೆಲ್ಲ ಸಣ್ಣದು. ಹಳೆ ಸೀರೆಗಳ ಪದರ ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ, ಹಿಂಡಲು ಇಬ್ಬರು ಬೇಕೇ ಬೇಕು. ಎಲ್ಲ ಒಮ್ಮೆಗೇ ನೆನೆಸಬೇಡಿ. ರಾತ್ರಿ ಮಳೆ ಬಂದರೆ ಹೊದೆಯಲು ಏನೂ ಇರುವುದಿಲ್ಲ. ದಿನಕ್ಕೆ ಎರಡರಂತೆ, ಬೆಳಿಗ್ಗೆ ಬಿಸಿಲು ಏರುವ ಮೊದಲು ಒಗೆದು ಹಾಕಿ. ಕಲಘಟಗಿ ಕಡೆ ಮಳೆ ಹೆಚ್ಚು, ಹಾಗಾಗಿ ಅಲ್ಲಿಯವರು ಇನ್ನೂ ಮುಂಚೆ ಶುರುಮಾಡಬೇಕು. ಬೆಣ್ಣಿಹಳ್ಳ, ತುಪ್ಪರಿಹಳ್ಳ ತುಂಬಿ ಹರಿಯುವಾಗ ಅತ್ತ ಕಾಲಿಡಬೇಡಿ. ರಾಡಿ ನೀರಿನಲ್ಲಿ ಒಗೆದ ಕೌದಿ ಮತ್ತೆ ಒಗೆಯುವ ಕೌದಿಯೇ. ನವಲಗುಂದದ ಜಮಖಾನೆ ಇದ್ದರೆ ಬೇರೆಯಾಗಿ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಣ್ಣ ಉಳಿಯುತ್ತದೆ. ಕಂಬಳಿಯನ್ನು ಜಾಡಿಸಿ ಬಿಸಿಲಿಗೆ ಹಾಕಿದರೆ ಸಾಕು.

ಹಿರಿಯರಿಗೆ ಎಡೆ ಇಡುವ ದಿನ ಒಗೆಯುವ ಕೆಲಸ ಬೇಡ. ಅವತ್ತು ಒಲೆಯೇ ಸಾಕು.

ಹಂತ 3. ಮೇಲಿನಿಂದ ಕೆಳಗೆ ಬನ್ನಿ: ಜಂತಿ, ಆಮೇಲೆ ಗೋಡೆ, ಕೊನೆಗೆ ನೆಲ. ಜಂತಿ ಜಾಡಿಸುವುದು, ಚೀಲ ಸರಿಸುವುದು ಗಂಡಸರ ಪಾಲಿಗೆ ಬರಲಿ. ಕೇಳದೆ ಅವರು ಏಳುವುದಿಲ್ಲ. ಹೆಸರಿನ ಚೀಲ ಹೇಗೂ ಬಿಸಿಲಿಗೆ ಹಾಕಬೇಕಲ್ಲ, ಅದೇ ದಿನ ಅದರ ಕೆಳಗಿನ ನೆಲ ಗುಡಿಸಿ. ಸುಣ್ಣವನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮಕ್ಕಳನ್ನು ದೂರವಿಡಿ. ಕಣ್ಣಿಗೆ ಸಿಡಿದರೆ ಸುಡುತ್ತದೆ. ಹೊತ್ತಿಲ್ಲವೇ? ಪಡಸಾಲೆಯ ಗೋಡೆಗಷ್ಟೇ ಬಳಿಯಿರಿ.

ಹಂತ 4. ತಾಮ್ರ, ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವುದು ಘಟ್ಟದ ಮುಂಚಿನ ಅಮಾವಾಸ್ಯೆಯ ಹಿಂದಿನ ದಿನ. ಮೊದಲೇ ತಿಕ್ಕಿದರೆ ಘಟ್ಟದ ಹೊತ್ತಿಗೆ ಮತ್ತೆ ಕಪ್ಪಾಗುತ್ತದೆ.

ಹಂತ 5. ಅಮಾವಾಸ್ಯೆಯ ದಿನ ಘಟ್ಟಕ್ಕೆ ಮಣ್ಣು ಜರಡಿ ಹಿಡಿದು, ಅದರಲ್ಲಿ ಬಿತ್ತುವ ಕಾಳು, ಬತ್ತಿ, ಒಂಬತ್ತು ದಿನಕ್ಕಾಗುವಷ್ಟು ಎಣ್ಣೆ ತೆಗೆದಿಡಿ. ಬರೀ ಎರೆಮಣ್ಣು ನೀರು ಹಿಡಿದು ಕಾಳು ಕೊಳೆಸುತ್ತದೆ. ಸ್ವಲ್ಪ ಮರಳು, ಹಳೇ ಗೊಬ್ಬರ ಬೆರೆಸಿ. ಅವತ್ತೇ ಯಾರಾದರೂ ಟ್ರ್ಯಾಕ್ಟರ್ ತೊಳೆಯಲು ಪೈಪು ಹಿಡಿದು ನಿಂತರೆ ಜಮಖಾನೆ ಮಡಚಲು ಕರೆಯಿರಿ. ಟ್ರ್ಯಾಕ್ಟರಿನ ಸರದಿ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ. ಅಷ್ಟರಲ್ಲಿ ಅದು ಇನ್ನೂ ಹತ್ತು ಸಲ ಹೊಲಕ್ಕೆ ಹೋಗಿಬರುತ್ತದೆ.